ಬಾಯ್ಲರು ಗೊಣಗಿದಾಗ

ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋದ ತಾಯಿಗೆ ಹೊಸ ಜಾಗದಲ್ಲಿ ನಿದ್ರೆ ಹತ್ತುವುದಿಲ್ಲ. ಬೆಳಗಿನ ಜಾವ, ಮನೆಮಂದಿಯೆಲ್ಲ ಮಲಗಿರುವಾಗ, ಅಡಿಗೆಮನೆಯ ಕಪಾಟಿನೊಳಗಿಂದ ಗುಡುಗುಡು ಸದ್ದು ಏಳುತ್ತದೆ. “ಏಳೇ, ಯಾರೋ ಒಲೆಯ ಮೇಲೆ ಹಂಡೆಯಿಟ್ಟು ಮರೆತಿದ್ದಾರೆ!” ಎಂದು ಆಕೆ ಮಗಳನ್ನು ಎಬ್ಬಿಸುತ್ತಾಳೆ. “ಅದು ಬಾಯ್ಲರಮ್ಮ, ಮಲಗು” ಎಂದು ಮಗಳು ನಗುತ್ತಾಳೆ. ಆದರೆ ತಾಯಿಯ ಮಾತಿನಲ್ಲಿ ಸತ್ಯವಿದೆ. ಕಪಾಟಿನೊಳಗೆ ನೀರು ನಿಜವಾಗಿಯೂ ಕುದಿಯುತ್ತಿದೆ.

ಚಳಿನಾಡಿನ ಮನೆಗಳಲ್ಲಿ ಬಾಯ್ಲರು ಗ್ಯಾಸಿನ ಉರಿಯಿಂದ ನೀರನ್ನು ಕಾಯಿಸುತ್ತದೆ. ಪಂಪು ಆ ನೀರನ್ನು ಕೋಣೆಕೋಣೆಯ ರೇಡಿಯೇಟರುಗಳಿಗೆ ನೂಕುತ್ತದೆ. ಶಾಖವನ್ನು ಬಿಟ್ಟುಕೊಟ್ಟ ನೀರು ಮರಳಿ ಬರುತ್ತದೆ. ಈ ನೀರು ಬಿಸಿಯಾಗಬೇಕೇ ಹೊರತು ಕುದಿಯಕೂಡದು. ಹಾಗಾದರೆ ಕುದಿತದ ಸದ್ದು ಬಂದುದೆಲ್ಲಿಂದ?

ಲಂಡನ್ನಿನ ನೀರು ಸುಣ್ಣದಂಶ ಹೆಚ್ಚಾಗಿರುವ ಗಡಸು ನೀರು. ನಮ್ಮಲ್ಲಿ ಕೊಳವೆಬಾವಿಯ ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿಯ ಪೊರೆ ಕಟ್ಟುವಂತೆಯೇ ಬಾಯ್ಲರಿನ ಒಳಮೈಗೂ ಕಟ್ಟುತ್ತದೆ. ಆ ಪೊರೆ ಶಾಖವನ್ನು ತಡೆಯುವುದರಿಂದ ಲೋಹವು ಮಿತಿಮೀರಿ ಕಾಯುತ್ತದೆ. ಸಂದುಗಳಲ್ಲಿ ಸಿಕ್ಕಿದ ನೀರು ಅಲ್ಲಿಯೇ ಕುದಿದು ಹಬೆಯ ಗುಳ್ಳೆಯಾಗುತ್ತದೆ. ತಂಪಾದ ನೀರಿಗೆ ಸೇರಿದೊಡನೆ ಕುಸಿದು ಸದ್ದು ಮಾಡುತ್ತದೆ. ಆಂಗ್ಲರು ಇದನ್ನು ‘ಕೆಟ್ಲಿಂಗ್’ ಎನ್ನುತ್ತಾರೆ. ಕಾಯುವ ಕೆಟಲಿನ ಹಾಡನ್ನು ಕುರಿತು ಆಸ್ಬೋರ್ನ್ ರೆನಾಲ್ಡ್ಸರು ಬರೆದುದನ್ನು ಓದಿಯೇ ಲಾರ್ಡ್ ರೇಲಿಯವರು ಇಂಥ ಕುಸಿತದ ಒತ್ತಡವನ್ನು ಗಣಿಸಲು ಹೊರಟರು. ಅವರ ಲೇಖನ 1917ರಲ್ಲಿ ಪ್ರಕಟವಾಯಿತು.

ಎಲ್ಲ ಸದ್ದಿಗೂ ಸುಣ್ಣವೇ ಕಾರಣವಲ್ಲ. ವೈದ್ಯನು ನಾಡಿ ಹಿಡಿಯುವಂತೆ ಇಲ್ಲಿಯೂ ಲಕ್ಷಣಗಳನ್ನು ಬೇರ್ಪಡಿಸಬೇಕು. ಗುಳುಗುಳು ಎಂದು ಕೇಳಿಸಿ, ರೇಡಿಯೇಟರಿನ ಮೇಲ್ಭಾಗ ತಣ್ಣಗೂ ಕೆಳಭಾಗ ಬಿಸಿಯಾಗಿಯೂ ಇದ್ದರೆ ಒಳಗೆ ಗಾಳಿ ಸೇರಿದೆ. ಎಲ್ಲವನ್ನೂ ಆರಗೊಟ್ಟು, ಪುಟ್ಟ ಕೀಲಿಯಿಂದ ಗಾಳಿಯನ್ನು ಹೊರಬಿಡಬಹುದು. ಕೆಳಗೆ ತಣ್ಣಗಿದ್ದು ಮೇಲೆ ಬಿಸಿಯಾಗಿದ್ದರೆ ತುಕ್ಕಿನ ಕಪ್ಪು ಕೆಸರು ತಳ ಸೇರಿದೆ. ಹರಿವು ಕುಗ್ಗಿದಾಗಲೂ ಬಾಯ್ಲರು ಗುಡುಗುತ್ತದೆ. ನೆಲದಡಿಯಿಂದ ಟಿಕ್ ಟಿಕ್ ಎಂದರೆ ಅಂಜಬೇಕಾಗಿಲ್ಲ. ಹತ್ತು ಮೀಟರು ತಾಮ್ರದ ಕೊಳವೆ 50 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 8 ಮಿಲಿಮೀಟರು ಹಿಗ್ಗುತ್ತದೆ. ಹಿಗ್ಗುವಾಗ ಮರದ ತೊಲೆಗೆ ಉಜ್ಜುತ್ತದೆ, ಅಷ್ಟೆ.

ಉರಿ ಹೊತ್ತಿಕೊಳ್ಳುವಾಗ ‘ಢಮ್’ ಎಂಬ ಸದ್ದು ಬಂದರೆ ಮಾತ್ರ ತಡಮಾಡಬಾರದು. ಗ್ಯಾಸು ತಡವಾಗಿ ಹೊತ್ತುತ್ತಿರಬಹುದು. ಬಾಯ್ಲರನ್ನು ನಿಲ್ಲಿಸಿ, ಬಲ್ಲವರನ್ನು ಕರೆಸಬೇಕು. ಬ್ರಿಟನ್ನಿನಲ್ಲಿ ಈ ಕೆಲಸವನ್ನು 2009ರಿಂದ ಜಾರಿಯಲ್ಲಿರುವ ‘ಗ್ಯಾಸ್ ಸೇಫ್’ ಪಟ್ಟಿಯಲ್ಲಿ ಹೆಸರಿರುವವರೇ ಮಾಡತಕ್ಕದ್ದು.

ಆದರೆ ಎಲ್ಲಕ್ಕಿಂತ ಘೋರವಾದ ದೋಷಕ್ಕೆ ಸದ್ದೇ ಇಲ್ಲ. ಗ್ಯಾಸು ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯಲ್ಲಿ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು ಬಂದು, ಹೊರಗೆ ಹೋದೊಡನೆ ಇಳಿದರೆ ಅದು ಬರಿಯ ನೆಗಡಿಯೆಂದು ಬಗೆಯಬಾರದು. ಕೂಡಲೇ ಎಲ್ಲರೂ ಹೊರಬಂದು ನೆರವು ಕೋರಬೇಕು. ಈ ಅನಿಲವನ್ನು ಕಂಡೊಡನೆ ಕೂಗುವ ಪುಟ್ಟ ಯಂತ್ರವೊಂದು ಮನೆಯಲ್ಲಿರುವುದು ಕ್ಷೇಮ. ಅದರಲ್ಲಿಯೂ ಎಳೆಯ ಮಗುವಿರುವ ಮನೆಯಲ್ಲಿ.

ಮರುದಿನ ಕುಶಲಕರ್ಮಿ ಬಂದು ಉರಿಯನ್ನು ಪರೀಕ್ಷಿಸಿ, ಸುಣ್ಣವನ್ನು ಕರಗಿಸುವ ಆಮ್ಲದ್ರವವನ್ನು ಕೊಳವೆಗಳಲ್ಲಿ ಹರಿಸಿ ತೊಳೆಯುತ್ತಾನೆ. ಅದೇನೆಂದು ಕೇಳಿ ತಿಳಿದ ತಾಯಿ ಹೇಳುತ್ತಾಳೆ: “ಹುಳಿ ಹಾಕಿ ಹಂಡೆ ತೊಳೆದ ಹಾಗಾಯಿತು. ಇದಕ್ಕೆ ಇಷ್ಟು ದಿನ ಕಾದಿರೇನೇ?”