ಒಂದು ರೂಪಾಯಿ ಬಡ್ಡಿಯ ಒಳಗುಟ್ಟು



ಕಳೆದ ಸಂಚಿಕೆಯಲ್ಲಿ ಹಪ್ಪಳ, ಸಂಡಿಗೆಯ ವಿಷಯ ಬರೆದಿದ್ದೆ. ಈ ಸಲ ಒಲೆಯ ಹತ್ತಿರ ಹೋಗದೆ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದೇನೆ. "ಅಯ್ಯೋ, ಲೆಕ್ಕವೇ!" ಎಂದು ಪುಟ ತಿರುಗಿಸಿಬಿಡಬೇಡಿ. ನಾನೂ ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವಳೇ. ಮಗಳು ಮಂಡ್ಯದಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ಅವಳಿಗೆ ವ್ಯವಹಾರ ಗಣಿತ ಅಂತ ಒಂದು ವಿಷಯ ಇದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಆ ಪುಸ್ತಕವನ್ನು ಸುಮ್ಮನೆ ತಿರುವಿ ಹಾಕುತ್ತಾ ಹೋದೆ. ಅರ್ಧಕ್ಕರ್ಧ ನಮ್ಮ ಮನೆಯ ವಿಚಾರವೇ ಇದೆಯಲ್ಲ ಅನ್ನಿಸಿತು. ಕಾಲೇಜಿನವರು ಅದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಟಿದ್ದಾರೆ, ಅಷ್ಟೇ.

ಒಂದು ಉದಾಹರಣೆ ನೋಡಿ. ಅದರಲ್ಲಿ ಮ್ಯಾಟ್ರಿಕ್ಸ್ ಅಂತ ಒಂದು ಪಾಠ. ಅಡ್ಡಸಾಲಿನಲ್ಲಿ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಬರೆದುಕೊಳ್ಳಿ. ಕಂಬಸಾಲಿನಲ್ಲಿ ಅಕ್ಕಿಹಿಟ್ಟು, ಕಡಲೆಹಿಟ್ಟು, ಎಣ್ಣೆ. ಯಾವ ತಿಂಡಿಗೆ ಯಾವುದು ಎಷ್ಟು ಬೇಕು ಎಂದು ಮನೆ ತುಂಬಿಸಿ, ಪಕ್ಕದಲ್ಲಿ ಅಂಗಡಿಯ ದರ ಬರೆದು ಗುಣಿಸಿದರೆ ಒಂದೊಂದು ತಿಂಡಿಗೂ ಬಿದ್ದ ಖರ್ಚು ಸಿಗುತ್ತದೆ. ಗೌರಿ ಹಬ್ಬಕ್ಕೆ ಸಾಮಾನಿನ ಚೀಟಿ ಬರೆಯುವಾಗ ನಾವೆಲ್ಲ ಮಾಡುವುದೂ ಅದನ್ನೇ. ಆ ಪಾಠದ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕೆಂದು ಕೂತಿರುವುದು ಬಡ್ಡಿಯ ಪಾಠ.

ಬಡ್ಡಿ ಲೆಕ್ಕ ಇಂಗ್ಲಿಷಿನವರು ಕಲಿಸಿಕೊಟ್ಟಿದ್ದೇನೂ ಅಲ್ಲ. 9ನೇ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರು ‘ಗಣಿತಸಾರ ಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಅಸಲು, ಬಡ್ಡಿ, ಅವಧಿ ಇವುಗಳ ಲೆಕ್ಕಗಳನ್ನು ಕೊಟ್ಟಿದ್ದಾರೆ. 12ನೇ ಶತಮಾನದ ರಾಜಾದಿತ್ಯನಂತೂ ಕನ್ನಡದಲ್ಲೇ ಗಣಿತ ಬರೆದವನು. ಅವನ ಒಂದು ಗ್ರಂಥದ ಹೆಸರೇ ‘ವ್ಯವಹಾರ ಗಣಿತ’. ಮಗಳ ವಿಷಯದ ಹೆಸರೂ ಅದೇ ಎಂದು ತಿಳಿದಾಗ ನನಗೆ ಒಂಥರಾ ಸಂತೋಷವಾಯಿತು.

ಇನ್ನು ವಿಷಯಕ್ಕೆ ಬರೋಣ. ನಮ್ಮ ಗುತ್ತಲಿನ ಕಡೆ ಬಡ್ಡಿಯನ್ನು ರೂಪಾಯಿಯ ಲೆಕ್ಕದಲ್ಲಿ ಹೇಳುತ್ತಾರೆ. "ಎರಡು ರೂಪಾಯಿ ಬಡ್ಡಿ" ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ತನಾಲ್ಕು. ನಿಮ್ಮ ಊರಲ್ಲೂ ಹೀಗೇ ಇರಬಹುದು. ನಮ್ಮ ಬೀದಿಯಲ್ಲಿ ರವಿಕೆ ಹೊಲಿದುಕೊಡುವ ಒಬ್ಬಾಕೆ ಇದ್ದಾಳೆ. ಹೊಲಿಗೆ ಯಂತ್ರಕ್ಕೆಂದು ಒಂದು ಖಾಸಗಿ ಕಂಪನಿಯಲ್ಲಿ 10,000 ರೂಪಾಯಿ ಸಾಲ ತೆಗೆದಳು. "ಒಂದೇ ರೂಪಾಯಿ ಬಡ್ಡಿ ಕಣಕ್ಕ, ಬ್ಯಾಂಕಿನವರೂ ಅಷ್ಟೇ ತಗೋತಾರಂತೆ" ಎಂದು ಖುಷಿಯಾಗಿ ಹೇಳಿದಳು. ವರ್ಷಕ್ಕೆ ನೂರಕ್ಕೆ 12, ಅಂದರೆ 1,200 ರೂಪಾಯಿ ಬಡ್ಡಿ. ಅಸಲೂ ಬಡ್ಡಿಯೂ ಸೇರಿ 11,200. ಅದನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ 933 ರೂಪಾಯಿ ಚಿಲ್ಲರೆ ಕಂತು ಕಟ್ಟಬೇಕು. ಕೇಳಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ?

ಈಗ ಮದುವೆ ಮನೆಗೆ ಪಾತ್ರೆ ಬಾಡಿಗೆಗೆ ತಂದಿದ್ದೀರಿ ಎಂದುಕೊಳ್ಳಿ. ಹನ್ನೆರಡು ಕೊಪ್ಪರಿಗೆ ತಂದಿರಿ. ದಿನಕ್ಕೆ ಒಂದರಂತೆ ವಾಪಸ್ಸು ಕೊಡುತ್ತಾ ಬಂದಿರಿ. ಮೊದಲ ದಿನ ನಿಮ್ಮ ಮನೆಯಲ್ಲಿ ಹನ್ನೆರಡು ಇದ್ದವು, ಎರಡನೆಯ ದಿನ ಹನ್ನೊಂದು, ಮೂರನೆಯ ದಿನ ಹತ್ತು. ಕೊನೆಯ ದಿನ ಒಂದೇ. ಇವನ್ನೆಲ್ಲ ಕೂಡಿದರೆ 78 ದಿನದ ಬಾಡಿಗೆ. ಆದರೆ ಅಂಗಡಿಯವನು ಹನ್ನೆರಡು ಕೊಪ್ಪರಿಗೆಗೂ ಹನ್ನೆರಡು ದಿನ ಎಂದು 144 ದಿನದ ಬಾಡಿಗೆ ಕೇಳಿದರೆ ಕೊಡುತ್ತೀರಾ? "ಕೊಪ್ಪರಿಗೆ ನಿನ್ನ ಅಂಗಡೀಲೇ ಬಿದ್ದಿತ್ತಲ್ಲಪ್ಪ!" ಎಂದು ಜಗಳಕ್ಕೇ ನಿಲ್ಲುತ್ತೀರಿ.

ಸಾಲದಲ್ಲಿ ಮಾತ್ರ ನಾವು ಸುಮ್ಮನೆ ಕೊಟ್ಟುಬಿಡುತ್ತೇವೆ. ಆ ಹೊಲಿಗೆಯಾಕೆ ತಿಂಗಳು ತಿಂಗಳೂ ಅಸಲಿನ ಒಂದು ಪಾಲು ತೀರಿಸುತ್ತಿದ್ದಾಳೆ. ಹನ್ನೊಂದನೆಯ ತಿಂಗಳಿಗೆ ಅವಳ ಕೈಯಲ್ಲಿ ಕಂಪನಿಯ ದುಡ್ಡು ಎರಡು ಸಾವಿರವೂ ಇರುವುದಿಲ್ಲ. ಆದರೂ ಪೂರಾ ಹತ್ತು ಸಾವಿರಕ್ಕೆ ಬಡ್ಡಿ ಹಾಕಿದ್ದಾರೆ. ಇದಕ್ಕೆ ಫ್ಲಾಟ್ ಬಡ್ಡಿ ಎಂದು ಹೆಸರು. 78ರ ಬದಲು 144ಕ್ಕೆ ಬಾಡಿಗೆ ಕೊಟ್ಟ ಹಾಗಾಯಿತು. 144ನ್ನು 78ರಿಂದ ಭಾಗಿಸಿ 12ರಿಂದ ಗುಣಿಸಿ ನೋಡಿ, 22 ಬರುತ್ತದೆ. ಹನ್ನೆರಡು ಎಂದು ಹೇಳಿ ಇಪ್ಪತ್ತೆರಡು!

ಮಗಳಿಗೆ ಇದನ್ನು ತೋರಿಸಿದೆ. ಅವಳು ಪುಸ್ತಕದ ಸೂತ್ರ ಹಾಕಿ, ಮೊಬೈಲಿನಲ್ಲಿ ಏನೇನೋ ಒತ್ತಿ, "ಇಪ್ಪತ್ತೊಂದೂವರೆ ಅಮ್ಮ" ಎಂದಳು. ಕಂತು ಸಮನಾಗಿದ್ದಾಗ ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚು, ಅಸಲು ಸ್ವಲ್ಪ ನಿಧಾನವಾಗಿ ಕರಗುತ್ತದಂತೆ. ಅದಕ್ಕೇ ಆ ಅರ್ಧದ ವ್ಯತ್ಯಾಸ. ಇರಲಿ ಬಿಡಿ. ಬೆರಳು ಮಡಿಸಿ ಮಾಡಿದ ಲೆಕ್ಕಕ್ಕೂ ಡಿಗ್ರಿ ಪುಸ್ತಕಕ್ಕೂ ಅರ್ಧ ರೂಪಾಯಿ ವ್ಯತ್ಯಾಸ ಬಂದರೆ ನನಗೇನೂ ಬೇಸರವಿಲ್ಲ.

ನಿಜವಾಗಿ ವರ್ಷಕ್ಕೆ 12ರ ಬಡ್ಡಿ, ಉಳಿದ ಬಾಕಿಗೆ ಮಾತ್ರ ಎಂದಾದರೆ ಅದೇ ಹತ್ತು ಸಾವಿರಕ್ಕೆ ಕಂತು ಎಷ್ಟು ಗೊತ್ತೇ? 888 ರೂಪಾಯಿ ಚಿಲ್ಲರೆ. ಮೊದಲ ತಿಂಗಳು ಅದರಲ್ಲಿ 100 ರೂಪಾಯಿ ಬಡ್ಡಿಗೆ ಹೋಗುತ್ತದೆ, 788 ಅಸಲಿಗೆ. ಎರಡನೆಯ ತಿಂಗಳು ಬಾಕಿ 9,212ಕ್ಕೆ ಇಳಿದಿರುವುದರಿಂದ ಬಡ್ಡಿ 92 ಮಾತ್ರ. ಹೀಗೇ ಇಳಿಯುತ್ತಾ ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ ಸುಮಾರು 662. ಫ್ಲಾಟಿನಲ್ಲಿ 1,200. ಮಧ್ಯದ 538 ರೂಪಾಯಿ ಸಂಪಾದಿಸಲು ಆಕೆ ಎಷ್ಟು ರವಿಕೆ ಹೊಲಿಯಬೇಕು ಎಂದು ನಿಮ್ಮೂರಿನ ದರ ಹಾಕಿ ನೀವೇ ನೋಡಿಕೊಳ್ಳಿ. ಬ್ಯಾಂಕಿನವರು ಇಎಂಐ ಅನ್ನುವುದು ಸಾಮಾನ್ಯವಾಗಿ ಈ ಇಳಿಯುವ ಬಾಕಿಯ ಲೆಕ್ಕವನ್ನೇ. ಹಾಗೆಂದು ಆ ಹೆಸರು ಕೇಳಿದ ತಕ್ಷಣ ನಂಬಬೇಡಿ. ಫ್ಲಾಟಿನವರೂ ತಮ್ಮ ಕಂತಿಗೆ ಇಎಂಐ ಎಂದೇ ಹೇಳುತ್ತಾರೆ.

ಇದಕ್ಕಿಂತ ಜಾಣತನದ್ದು ವಾರದ ಸಾಲ. ಸಂತೆಯಲ್ಲಿ ತರಕಾರಿ, ಹೂವು ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಹತ್ತು ಸಾವಿರ ಎಂದು ಬರೆದುಕೊಂಡು, ಬಡ್ಡಿ ಮುಂಚೆಯೇ ಹಿಡಿದು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ನೂರಕ್ಕೆ ಹತ್ತು ತಾನೇ ಎಂದು ಜನ ತೆಗೆದುಕೊಳ್ಳುತ್ತಾರೆ. ಕೊಪ್ಪರಿಗೆ ಲೆಕ್ಕ ಇಲ್ಲಿಗೂ ಹಾಕಿ. ಕೈಗೆ ಬಂದದ್ದು 9,000. ಮೊದಲ ವಾರ ಹತ್ತು ಪಾಲು, ಕೊನೆಯ ವಾರ ಒಂದು ಪಾಲು, ಸರಾಸರಿ ಐದೂವರೆ ಪಾಲು. ಅಂದರೆ ಹತ್ತು ವಾರವೂ ಸರಾಸರಿಯಲ್ಲಿ ಅವಳ ಹತ್ತಿರ ಇದ್ದದ್ದು 4,950 ರೂಪಾಯಿ. ಅದಕ್ಕೆ ಸಾವಿರ ಬಡ್ಡಿ ಎಂದರೆ ಹತ್ತೇ ವಾರಕ್ಕೆ ನೂರಕ್ಕೆ 20. ವರ್ಷಕ್ಕೆ 52 ವಾರ ತಾನೇ? ನೂರಕ್ಕೆ ನೂರು ದಾಟುತ್ತದೆ. ಇದನ್ನು ಹೇಳಿದರೆ ಹೂವಿನಾಕೆ ಏನಂದಳು ಗೊತ್ತೇ? "ಗೊತ್ತು ಕಣವ್ವ, ಆದ್ರೆ ಬೆಳಿಗ್ಗೆ ಐದು ಗಂಟೆಗೆ ಯಾವ ಬ್ಯಾಂಕು ತೆಗೆದಿರ್ತದೆ?" ಆ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಸಂಘದ ದುಡ್ಡು ಕೈಗೆ ಸಿಗುವ ಕಡೆ ಇಂಥ ಸಾಲಕ್ಕೆ ಹೋಗುವವರು ಕಡಿಮೆ ಎನ್ನುವುದು ಮಾತ್ರ ನಾನು ಕಣ್ಣಾರೆ ಕಂಡದ್ದು.

ಹಾಗೆ ನೋಡಿದರೆ ಆ ಪುಸ್ತಕದ ಇಡೀ ಬಡ್ಡಿ ಪಾಠ ಒಂದೇ ಮಾತಿನ ಮೇಲೆ ನಿಂತಿದೆ. ಇವತ್ತಿನ ರೂಪಾಯಿ ಬೇರೆ, ಆರು ತಿಂಗಳ ಮೇಲೆ ಬರುವ ರೂಪಾಯಿ ಬೇರೆ. ಕಬ್ಬಿನ ಸೀಮೆಯವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯಿಂದ ಒಂದು ಲಕ್ಷ ಬರಬೇಕಿತ್ತು, ಬರಲಿಲ್ಲ ಎಂದುಕೊಳ್ಳಿ. ಮನೆಯ ಖರ್ಚಿಗೆ, ಮಕ್ಕಳ ಫೀಸಿಗೆ ಎರಡು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ಕೈಸಾಲ ತಂದರೆ ಆರು ತಿಂಗಳಿಗೆ 12,000 ಬಡ್ಡಿ. ಆಮೇಲೆ ಕಬ್ಬಿನ ಲಕ್ಷ ಬಂದರೂ ಅದು ಆವತ್ತಿನ ಲಕ್ಷವಲ್ಲ. ಒಂದು ಲಕ್ಷವನ್ನು 1.12ರಿಂದ ಭಾಗಿಸಿದರೆ 89,286. ತಡವಾಗಿ ಬಂದ ಲಕ್ಷಕ್ಕೆ ಸುಗ್ಗಿಯ ದಿನದ ಬೆಲೆ ಇಷ್ಟೇ. ಪುಸ್ತಕದಲ್ಲಿ ಇದನ್ನು ಪ್ರಸ್ತುತ ಮೌಲ್ಯ ಎನ್ನುತ್ತಾರೆ.

ಇದಕ್ಕೆ ಕಾನೂನೂ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು. ಆ ಬಡ್ಡಿ ಪೂರ್ತಿ ಕೈಗೆ ಬಂದರೂ ಆರು ತಿಂಗಳಿಗೆ ಏಳೂವರೆ ಸಾವಿರದ ಒಳಗೇ. ಕೈಸಾಲದವನಿಗೆ ಹೋದದ್ದು ಹನ್ನೆರಡು ಸಾವಿರ. ಉಳಿದ ನಾಲ್ಕೂವರೆ ಸಾವಿರವನ್ನು ಮನೆಯಾಕೆ ಯಾವ ಡಬ್ಬಿಯಿಂದ ತೆಗೆಯಬೇಕು? ಯಜಮಾನರು ಬಾಕಿ ಕೇಳಲು ಹೋಗುವಾಗ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ ಕಳಿಸಿ.

ಚಕ್ರಬಡ್ಡಿಗೆ ಒಂದು ಸುಲಭದ ಉಪಾಯವಿದೆ. 72ನ್ನು ಬಡ್ಡಿಯಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗುವ ಕಾಲ ಹೆಚ್ಚು ಕಡಿಮೆ ಸಿಗುತ್ತದೆ. ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ ಕಟ್ಟದೆ ಬಿಟ್ಟು, ಬಡ್ಡಿಗೂ ಬಡ್ಡಿ ಸೇರುತ್ತಾ ಹೋದರೆ 24 ತಿಂಗಳಿಗೆ ದುಪ್ಪಟ್ಟು. ನಿಮ್ಮ ಠೇವಣಿಗೆ ವರ್ಷಕ್ಕೆ ನೂರಕ್ಕೆ 7 ಸಿಕ್ಕರೆ ದುಪ್ಪಟ್ಟಾಗಲು ಹತ್ತು ವರ್ಷದ ಮೇಲೆ ಬೇಕು. ಸಾಲ ಓಡುವ ಹಾಗೆ ಉಳಿತಾಯ ಓಡುವುದಿಲ್ಲ. ಆದ್ದರಿಂದ ಠೇವಣಿ ಒಂದು ಕಡೆ ಇಟ್ಟುಕೊಂಡು ಇನ್ನೊಂದು ಕಡೆ ಮೂರು ರೂಪಾಯಿ ಬಡ್ಡಿಯ ಸಾಲ ಹೊತ್ತಿದ್ದರೆ, ಮೊದಲು ಠೇವಣಿ ಮುರಿದು ಸಾಲ ತೀರಿಸಿ ಎನ್ನುವವಳು ನಾನು. ಬಹಳ ಜನ ಇದಕ್ಕೆ ಒಪ್ಪುವುದಿಲ್ಲ, ಗೊತ್ತು. ಠೇವಣಿ ಇದ್ದರೆ ಧೈರ್ಯ ಅನ್ನುತ್ತಾರೆ. ಆ ಧೈರ್ಯಕ್ಕೆ ವರ್ಷಕ್ಕೆ ನೂರಕ್ಕೆ 29 ರೂಪಾಯಿ ತೆರುತ್ತಿದ್ದೀರಿ, ಅಷ್ಟು ನೆನಪಿರಲಿ.

ಸಾಲ ತೆಗೆಯುವಾಗ ಏನು ಕೇಳಬೇಕು ಎಂದು ಕೆಲವರು ಪತ್ರ ಬರೆದಿದ್ದೀರಿ. "ಬಡ್ಡಿ ಎಷ್ಟು?" ಎಂದಷ್ಟೇ ಕೇಳಿದರೆ ಸಾಲದು. "ಉಳಿದ ಬಾಕಿಗೆ ಬಡ್ಡಿಯೋ, ಫ್ಲಾಟೋ? ಎಲ್ಲ ಖರ್ಚೂ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬಿತ್ತು?" ಎಂದು ಕೇಳಿ. ಕಾಗದದ ಖರ್ಚು, ವಿಮೆ ಎಂದು ಮುಂಚೆಯೇ ಹಿಡಿಯುವುದೂ ಬಡ್ಡಿಯ ತಮ್ಮನೇ. ಹೀಗೆ ಕೇಳಲು ಸಂಕೋಚ ಬೇಡ. ಬ್ಯಾಂಕುಗಳೂ ನೋಂದಾಯಿತ ಹಣಕಾಸು ಕಂಪನಿಗಳೂ 2024ರ ಅಕ್ಟೋಬರ್ 1ರಿಂದ ಕೊಡುವ ಇಂಥ ಹೊಸ ಸಾಲಕ್ಕೆ, ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ, ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದೆ. ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಮನೆಗಳಿಗೆ ಅಡಮಾನವಿಲ್ಲದೆ ಕೊಡುವ ಕಿರುಸಾಲಕ್ಕೆ 2022ರಿಂದ ಇನ್ನೂ ಕೆಲವು ನಿಯಮಗಳಿವೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಪ್ಪಿದರೆ ತಪ್ಪಿದ ಹಣಕ್ಕೆ ಮಾತ್ರ ದಂಡ, ಪೂರಾ ಸಾಲಕ್ಕಲ್ಲ.

ವಸೂಲಿಗೆ ಬಂದು ಬಾಗಿಲ ಮುಂದೆ ಕೂಗಾಡುವವರ ಕಾಟ ಹೆಚ್ಚಾಗಿ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿತ್ತು. ಬೆದರಿಸುವವರು ಬಂದರೆ ಒಳಗೆ ಕೂತು ಅಳಬೇಡಿ. ಸಂಘದ ನಾಲ್ಕು ಜನರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ.

ಕೊನೆಗೆ ನಿಮಗೊಂದು ಲೆಕ್ಕ. ಮಿಕ್ಸಿಗೆ ನಗದು ಕೊಟ್ಟರೆ 5,400 ರೂಪಾಯಿ. "ಬಡ್ಡಿಯೇ ಇಲ್ಲ ಮೇಡಂ, ತಿಂಗಳಿಗೆ ಸಾವಿರದಂತೆ ಆರು ಕಂತು" ಎನ್ನುತ್ತಾನೆ ಅಂಗಡಿಯವನು. ಹಾಗಾದರೆ ಬಡ್ಡಿ ಎಷ್ಟು? ಮೊದಲು ನೀವೇ ಮಾಡಿ, ಆಮೇಲೆ ಮುಂದೆ ಓದಿ. ಹೆಚ್ಚಿಗೆ ಕೊಡುವುದು 600. ಆರರಿಂದ ಒಂದರವರೆಗೆ ಕೂಡಿದರೆ 21 ಪಾಲು, ತಿಂಗಳಿಗೆ ಸರಾಸರಿ ಮೂರೂವರೆ. 5,400ರ ಆರು ಪಾಲಿನಲ್ಲಿ ಮೂರೂವರೆ ಪಾಲು ಎಂದರೆ 3,150. ಅದಕ್ಕೆ ಆರು ತಿಂಗಳಿಗೆ 600, ವರ್ಷಕ್ಕೆ 1,200. ನೂರಕ್ಕೆ 38 ಬಂತು ನೋಡಿ. ನಿಮ್ಮ ಮನೆಯ ಸಾಲದ ಚೀಟಿಗೆ ಇದೇ ಲೆಕ್ಕ ಹಾಕಿ ಎಷ್ಟು ಬಂತೆಂದು ಬರೆದು ಕಳಿಸಿ. ಹೆಸರು, ಊರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಗೆ ಹುರುಳಿಕಾಳಿನ ಬಸ್ಸಾರು.