ಭೂತದ ಚಿತ್ರಗಳೂ ನಮ್ಮ ಮಡಿವಂತಿಕೆಯೂ

ಕಳೆದ ತಿಂಗಳು ತೆಲಸಂಗದ ನಮ್ಮ ಮನೆಗೆ ಬಂದಿದ್ದ ನಿವೃತ್ತ ಸಹೋದ್ಯೋಗಿಯೊಬ್ಬರು, ಟಿ.ವಿ.ಯ ಕೆಳಗಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದ ಡಿವಿಡಿಗಳನ್ನು ಒಂದೊಂದಾಗಿ ತೆಗೆದು ನೋಡಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದರು: "ಏನ್ರಿ ಸರ, ವಚನದ ಪುಸ್ತಕ ಇಡೂ ಜಾಗಾದಾಗ ದೆವ್ವಿನ ಸಿನಿಮಾ ಇಟ್ಟೀರಲ್ಲ? ಈ ವಯಸ್ಸಿನ್ಯಾಗ ಇದೇನ್ ಹುಚ್ಚರಿ?" ಅವರ ಮಾತಿನಲ್ಲಿ ಹಾಸ್ಯಕ್ಕಿಂತ ಕನಿಕರವೇ ಹೆಚ್ಚಾಗಿತ್ತು. ಚಹಾ ಕುಡಿದು ಹೊರಡುವಾಗ, ಮೊಮ್ಮಕ್ಕಳ ಕಣ್ಣಿಗೆ ಬೀಳದಂತೆ ಅವನ್ನು ಎತ್ತಿಡಲು ಹೇಳಿಹೋದರು.

ಅಂದು ನಾನು ನಕ್ಕು ಸುಮ್ಮನಾದೆ. ಸುಮ್ಮನಾದದ್ದು ತಪ್ಪೆಂದು ಈಗ ತೋರುತ್ತಿದೆ. ಅವರು ಆಡಿದ ಮಾತನ್ನೇ ಮೂವತ್ತು ವರ್ಷಗಳ ಕಾಲ ನಾನೂ ಶಾಲೆಯಲ್ಲಿ ಆಡುತ್ತ ಬಂದವನು. ಆದ್ದರಿಂದ ಉತ್ತರ ಕೊಡುವ ಹೊಣೆ ನನ್ನದೇ.

ಆ ಡಿವಿಡಿಗಳು ಪುಣೆಯಲ್ಲಿರುವ ಮಗ ತರಿಸಿಕೊಟ್ಟವು. ಬಹುಪಾಲು ಇಟಲಿಯ ಹಳೆಯ ಭೀತಿ ಚಿತ್ರಗಳು: ಮಾರಿಯೋ ಬಾವಾ 1960ರಲ್ಲಿ ಮಾಡಿದ, ಇಂಗ್ಲಿಷ್‌ನಲ್ಲಿ 'ಬ್ಲ್ಯಾಕ್ ಸಂಡೇ' ಎನಿಸಿಕೊಂಡ ಚಿತ್ರ, ಅವರದೇ 1963ರ 'ಭಯದ ಮೂರು ಮುಖಗಳು', ದಾರಿಯೋ ಅರ್ಜೆಂಟೋ ಅವರ 1977ರ 'ಸಸ್ಪೀರಿಯಾ'. ಬ್ರಿಟನ್ನಿನಿಂದ ಬಂದ ಡಿವಿಡಿಗಳನ್ನು ನಮ್ಮ ಪ್ಲೇಯರ್ ಮೊದಲು ಮುಟ್ಟಲೇ ಇಲ್ಲ. ಡಿವಿಡಿ ಕಂಪನಿಗಳು ಭೂಮಂಡಲವನ್ನು ಹಂಚಿಕೊಂಡಾಗ ಬ್ರಿಟನ್ 2ನೆಯ ವಲಯಕ್ಕೂ ಭಾರತ 5ನೆಯ ವಲಯಕ್ಕೂ ಸೇರಿದವಂತೆ. ಮಗ ರಿಮೋಟಿನಲ್ಲಿ ಏನೇನೋ ಅಂಕಿಗಳನ್ನು ಒತ್ತಿ ಆ ಗಡಿಯನ್ನು ಅಳಿಸಿದ. ಗಡಿ ವಿವಾದದ ಸೀಮೆಯವರಾದ ನಮಗೆ ಇಷ್ಟು ಸುಲಭದಲ್ಲಿ ಅಳಿಯುವ ಗಡಿ ಹೊಸದು!

ಭೂತದ ಚಿತ್ರಗಳು ಮೂಢನಂಬಿಕೆ ಬೆಳೆಸುತ್ತವೆ ಎಂಬುದು ನಮ್ಮ ಮೊದಲ ಆಪಾದನೆ. ವಿಜ್ಞಾನ ಶಿಕ್ಷಕನಾಗಿ ನಾನು ಇದನ್ನು ಬಹಳ ಗಟ್ಟಿಯಾಗಿ ನಂಬಿದ್ದೆ. ಭಾನಾಮತಿಯ ಹೆಸರಿನಲ್ಲಿ ನಮ್ಮ ಭಾಗದ ಬಡ ಹೆಣ್ಣುಮಕ್ಕಳು ಪಟ್ಟ ಪಾಡನ್ನು ಬಲ್ಲವನಿಗೆ ಈ ಭಯ ಸಹಜವೂ ಹೌದು. ಆದರೆ 'ಭಯದ ಮೂರು ಮುಖಗಳು' ಚಿತ್ರದ ಕೊನೆಯನ್ನು ನೋಡಿರಿ. ರಕ್ತಪಿಶಾಚಿಯ ವೇಷದ ಬೋರಿಸ್ ಕಾರ್ಲಾಫ್ ಕುದುರೆಯೇರಿ ಕತ್ತಲ ಕಾಡಿನಲ್ಲಿ ಧಾವಿಸುತ್ತ ನಮ್ಮೊಡನೆ ಮಾತನಾಡುತ್ತಾನೆ. ಕ್ಯಾಮೆರಾ ಮೆಲ್ಲನೆ ಹಿಂದೆ ಸರಿಯುತ್ತದೆ. ಕುದುರೆ ಕುದುರೆಯಲ್ಲ, ಬರಿಯ ಬೊಂಬೆ! ಕಾಡೆಂದರೆ ಕೈಯಲ್ಲಿ ಟೊಂಗೆ ಹಿಡಿದು ಸುತ್ತ ಓಡುತ್ತಿರುವ ಕೆಲಸಗಾರರು! ಒಂದೂವರೆ ಗಂಟೆ ನಮ್ಮನ್ನು ಹೆದರಿಸಿದ ಮನುಷ್ಯ ತನ್ನ ಚೀಲವನ್ನು ತಾನೇ ಬಿಚ್ಚಿ ತೋರಿಸುತ್ತಾನೆ. ಯಾವ ಮಂತ್ರವಾದಿ ಹೀಗೆ ತೋರಿಸಿದ್ದುಂಟು? ಅಮೆರಿಕದ ವಿತರಕರು ಈ ದೃಶ್ಯವನ್ನೇ ಕತ್ತರಿಸಿ, ಕಥೆಗಳ ಅನುಕ್ರಮವನ್ನೂ ಸಂಗೀತವನ್ನೂ ಬದಲಿಸಿ ಚಿತ್ರವನ್ನು ಬಿಡುಗಡೆ ಮಾಡಿದರು. ನೋಡುಗನಿಗೆ ಬುದ್ಧಿಯಿಲ್ಲವೆಂಬ ತೀರ್ಮಾನ ಅವರದೇ ಹೊರತು ಬಾವಾನದಲ್ಲ.

ಇನ್ನೊಂದು ಸಂಗತಿ. 1957ರ 'ಇ ವಾಂಪೀರಿ' ಎಂಬ ಚಿತ್ರಕ್ಕೆ ಬಾವಾ ಛಾಯಾಗ್ರಾಹಕ. ನಿರ್ದೇಶಕ ರಿಕಾರ್ಡೋ ಫ್ರೆಡಾ ನಡುವೆ ಕೈಬಿಟ್ಟಾಗ ಚಿತ್ರವನ್ನು ಮುಗಿಸಿದವನೂ ಇವನೇ. ಅದರಲ್ಲಿ ಸುಂದರ ಯುವತಿಯೊಬ್ಬಳು ನೋಡನೋಡುತ್ತಿದ್ದಂತೆ, ಕ್ಯಾಮೆರಾ ಎಲ್ಲಿಯೂ ನಿಲ್ಲದೆ, ಸುಕ್ಕುಗಟ್ಟಿದ ಮುದುಕಿಯಾಗುತ್ತಾಳೆ. ಮಾಟವೇನೂ ಅಲ್ಲ. ಚಿತ್ರ ಕಪ್ಪು-ಬಿಳುಪು. ಮುಖದ ಮೇಲೆ ಸುಕ್ಕುಗಳನ್ನು ಬಣ್ಣದಲ್ಲಿ ಬರೆದು, ಅದೇ ಬಣ್ಣದ ಬೆಳಕು ಬಿಟ್ಟರೆ ಗೆರೆ ಕಾಣದು. ಬೆಳಕಿನ ಬಣ್ಣ ಬದಲಾದಂತೆ ಗೆರೆಗಳು ಕಪ್ಪಾಗಿ ಮೇಲೇಳುತ್ತವೆ. ಕೆಂಪು ಪೆನ್ಸಿಲ್ಲಿನಿಂದ ಬರೆದದ್ದು ಕೆಂಪು ಜಿಲೇಟಿನ್ ಹಾಳೆಯ ಮೂಲಕ ಕಾಣುವುದಿಲ್ಲವೆಂದು ನಾನು ವರ್ಷವರ್ಷವೂ ಪಾಠ ಮಾಡಿದವನು. ಹುಡುಗರು ಆಕಳಿಸುತ್ತಿದ್ದರು. ಈ ದೃಶ್ಯವನ್ನು ಒಮ್ಮೆ ತೋರಿಸಿದ್ದರೆ ಆ ಪಾಠವನ್ನು ಯಾರೂ ಮರೆಯುತ್ತಿರಲಿಲ್ಲ. ಬಿ.ಎಡ್.ನಲ್ಲಿ ಪಾಠೋಪಕರಣಗಳ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದವರು ನಾವು. ಕಣ್ಣೆದುರಿನ ಉಪಕರಣ ಕಾಣಲಿಲ್ಲ.

ಎರಡನೆಯ ಆಪಾದನೆ, ಇವು ಕೊಲೆ-ಹಾದರಗಳನ್ನು ತೋರಿಸಿ ಮಕ್ಕಳನ್ನು ಕೆಡಿಸುತ್ತವೆ ಎಂಬುದು. ಹಾಗಾದರೆ 'ಸಂಗ್ಯಾ ಬಾಳ್ಯಾ' ಏನು? ಬೈಲಹೊಂಗಲದ ಆ ಕಥೆಯಲ್ಲಿ ಹಾದರವಿದೆ, ಗೆಳೆತನದ ದ್ರೋಹವಿದೆ, ಕೊಲೆಯಿದೆ. ಇಡೀ ರಾತ್ರಿ ಸಣ್ಣಾಟ ನೋಡಿದ ನಮ್ಮ ಹಿರಿಯರು ಬೆಳಗಾದ ಮೇಲೆ ಕುಡುಗೋಲು ಹಿಡಿದು ಹೋದದ್ದು ಜೋಳದ ಹೊಲಕ್ಕೇ. ಅದನ್ನು ಜಾನಪದವೆಂದು ಕೊಂಡಾಡುವ ನಾಲಗೆ, ಅದೇ ವಸ್ತು ಕ್ಯಾಸೆಟ್ಟಿನಲ್ಲಿ ಬಂದರೆ ಹೊಲಸು ಎನ್ನುವುದು ಯಾವ ನ್ಯಾಯ?

ಈ ಮಡಿವಂತಿಕೆ ನಮ್ಮದಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 1980ರ ದಶಕದ ಮೊದಲಲ್ಲಿ ಪತ್ರಿಕೆಗಳು 'ಹೊಲಸು ವಿಡಿಯೋ'ಗಳ ವಿರುದ್ಧ ಬೊಬ್ಬೆಯಿಟ್ಟವು; ಪೊಲೀಸರು ಅಂಗಡಿಗಳಿಗೆ ನುಗ್ಗಿ ಕ್ಯಾಸೆಟ್ಟುಗಳನ್ನು ಹೊತ್ತೊಯ್ದರು; ಶಿಕ್ಷಾರ್ಹ ಚಿತ್ರಗಳ ಪಟ್ಟಿಯೇ ಸಿದ್ಧವಾಯಿತು. ಬಾವಾನ 1971ರ ಚಿತ್ರವೊಂದೂ ಅರ್ಜೆಂಟೋವಿನ 1982ರ 'ತೆನೆಬ್ರೆ'ಯೂ ಅದರಲ್ಲಿದ್ದವು. 1984ರಲ್ಲಿ ಕಾನೂನೂ ಬಂತು. ತಮಾಷೆಯೆಂದರೆ, ಆ ಕಾನೂನನ್ನು ಯುರೋಪಿನ ಆಯೋಗಕ್ಕೆ ತಿಳಿಸಬೇಕಾಗಿದ್ದ ವಿಧಿಯನ್ನೇ ಸರಕಾರ ಮರೆತಿತ್ತು; ಅದು ಜಾರಿಗೆ ಯೋಗ್ಯವಲ್ಲವೆಂದು 2009ರಲ್ಲಿ ಬೆಳಕಿಗೆ ಬಂತು, 2010ರಲ್ಲಿ ಮತ್ತೆ ಮಂಡಿಸಿ ಅಂಗೀಕರಿಸಬೇಕಾಯಿತು. ಇಂದು ಅದೇ ಬ್ರಿಟನ್ನಿನ ಕಂಪನಿಯೊಂದು ಅದೇ ಚಿತ್ರಗಳನ್ನು ಶುಚಿಗೊಳಿಸಿ, ಟಿಪ್ಪಣಿಯ ಪುಸ್ತಿಕೆ ಸಹಿತ ಮಾರುತ್ತಿದೆ. ಬಾವಾನ ಬಗ್ಗೆ 2007ರಲ್ಲಿ ಟಿಮ್ ಲ್ಯೂಕಾಸ್ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಬರೆದಿದ್ದಾರೆ.

ಎಲ್ಲವೂ ಚಿನ್ನವೆಂದು ನಾನು ಹೇಳುತ್ತಿಲ್ಲ. 1980ರ 'ಕ್ಯಾನಿಬಲ್ ಹೋಲೋಕಾಸ್ಟ್' ಎಂಬ ಇಟಲಿಯ ಚಿತ್ರದಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ. ಅದಕ್ಕೆ ನನ್ನ ಮನೆಯಲ್ಲಿ ಜಾಗವಿಲ್ಲ. ಹೆಣ್ಣಿನ ದೇಹವನ್ನು ಚೂರಿಯ ಮೊನೆಯಿಂದ ನೋಡುವ ಚಟವೂ ಈ ಪರಂಪರೆಯಲ್ಲಿ ಧಾರಾಳವಾಗಿದೆ. ಅರ್ಜೆಂಟೋ ಕೂಡ ಇದರಿಂದ ಮುಕ್ತನಲ್ಲ. ಸಣ್ಣ ಮಕ್ಕಳಿಗೆ ಇವು ಸಲ್ಲವೆಂಬುದನ್ನೂ ಒಪ್ಪುತ್ತೇನೆ. ಆದರೆ ವಿವೇಚಿಸಿ ಬಿಡುವುದು ಬೇರೆ, ಮುಟ್ಟದೆಯೇ ಮೈಲಿಗೆಯೆನ್ನುವುದು ಬೇರೆ.

ಈಗ ನನ್ನ ಪಾಲಿನ ಮಾತು. 1987ರ ಜಾತ್ರೆಯ ಹೊತ್ತು. ಅಥಣಿಯಿಂದ ಬಾಡಿಗೆಗೆ ತಂದ ಬಣ್ಣದ ಟಿ.ವಿ., ವಿಸಿಪಿ, ನಾಲ್ಕು ಕ್ಯಾಸೆಟ್ಟು. ತಾಡಪಾಲು ಕಟ್ಟಿ ಎರಡೆರಡು ರೂಪಾಯಿ ವಸೂಲಿ. ರಾಮ್ಸೆ ಸಹೋದರರ 1984ರ 'ಪುರಾನಾ ಮಂದಿರ' ಅದರಲ್ಲೊಂದು. (ಈಚೆಗೆ ನೋಡಿದೆ, ನಡುವಿನ 'ಶೋಲೆ' ಅಣಕವನ್ನು ಸಹಿಸುವುದು ಕಷ್ಟ.) ಮರುದಿನ ನನ್ನ ಒಂಬತ್ತನೆಯ ಇಯತ್ತೆಯ ಅರ್ಧ ತರಗತಿ ತೂಕಡಿಸುತ್ತಿತ್ತು. ಒಬ್ಬ ಹುಡುಗ ಮಾತ್ರ ಎಚ್ಚರವಾಗಿದ್ದು, ವಿಜ್ಞಾನದ ನೋಟಬುಕ್ಕಿನ ಹಿಂಬದಿಯಲ್ಲಿ ಏನನ್ನೋ ಬರೆಯುತ್ತಿದ್ದ. ಕಸಿದುಕೊಂಡು ಓದಿದೆ. ಚಿತ್ರದ ಸಾಮ್ರಿ ಎಂಬ ರಾಕ್ಷಸನನ್ನು ಅವನು ನಮ್ಮೂರಿನ ಬಾವಿಯೊಂದಕ್ಕೆ ತಂದು ಇಳಿಸಿದ್ದ. ಆ ವರ್ಷಗಳಲ್ಲಿ ಬರ. ಬಾವಿ ಬತ್ತಿದ ಮೇಲೆ ತಳದಲ್ಲಿದ್ದ ದೆವ್ವಕ್ಕೂ ನೀರಿಲ್ಲದೆ, ಅದು ರಾತ್ರಿ ಮೆಟ್ಟಿಲೇರಿ ಬಂದು ಮನೆಮನೆಯ ಕೊಡ ತಡವುತ್ತದೆ. ಎಲ್ಲ ಕೊಡಗಳೂ ಖಾಲಿ. ಏಳೆಂಟು ಪುಟ. ಅಂಥ ಬರಹವನ್ನು ಮತ್ತೆ ಯಾವ ವಿದ್ಯಾರ್ಥಿಯಿಂದಲೂ ನಾನು ಕಾಣಲಿಲ್ಲ. ಅಂದು ಅದು ನನಗೆ ತಿಳಿಯಲಿಲ್ಲ. ಪ್ರಾರ್ಥನೆಯ ಸಾಲಿನ ಮುಂದೆ ಅವನನ್ನು ನಿಲ್ಲಿಸಿ, ತಂದೆಯನ್ನು ಕರೆಸಿದೆ. ತಂದೆ ನನ್ನೆದುರಿಗೇ ಹೊಡೆದು ಕರೆದೊಯ್ದರು. ಕೂಲಿಗೆ ಒಂದು ಕೈ ಬೇಕಾಗಿದ್ದ ಮನೆ. ನೆಪವನ್ನು ನಾನು ಒದಗಿಸಿದ್ದೆ. ಅವನು ಶಾಲೆಗೆ ಮರಳಲಿಲ್ಲ, ಇಚಲಕರಂಜಿಯ ಮಗ್ಗಗಳಿಗೆ ಹೋದ.

ಕೀಳೆಂದು ಕರೆದದ್ದನ್ನು ಕಾಯುವವರಿರುವುದಿಲ್ಲ. 1979ರ 'ನಾ ನಿನ್ನ ಬಿಡಲಾರೆ'ಯನ್ನೇ ತೆಗೆದುಕೊಳ್ಳಿರಿ. ಅನಂತನಾಗ್-ಲಕ್ಷ್ಮಿ ನಟಿಸಿದ, ರಾಜನ್-ನಾಗೇಂದ್ರ ಸಂಗೀತದ ಈ ಚಿತ್ರ ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರು ನಮ್ಮ ಪೀಳಿಗೆಯಲ್ಲಿ ಎಷ್ಟು ಜನ! ನನ್ನಲ್ಲಿರುವ ಅದರ ವಿಸಿಡಿಯಲ್ಲಿ ಬಣ್ಣ ಮಾಸಿದೆ, ಚಿತ್ರದ ಅಂಚುಗಳು ಕತ್ತರಿಸಿಹೋಗಿವೆ, ಭೂತ ಬರುವ ಹೊತ್ತಿಗೆ ಸರಿಯಾಗಿ ಕಂಪನಿಯ ಹೆಸರು ಪರದೆಯ ಮೇಲೆ ತೇಲಿಬರುತ್ತದೆ. ಬಾವಾನ ಚಿತ್ರದಲ್ಲಿ ನೆರಳಿನ ಒಳಗಿನ ನೆರಳೂ ಕಾಣುವಷ್ಟು ಶುದ್ಧ ಪ್ರತಿ ತೆಲಸಂಗದ ನನ್ನ ಮನೆಗೆ ಬರುವುದಾದರೆ, ಕನ್ನಡದ ಚಿತ್ರಕ್ಕೆ ಆ ಭಾಗ್ಯವೇಕಿಲ್ಲ? ಕನ್ನಡದ ಹೆಸರಿನಲ್ಲಿ ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಬೀದಿಗಿಳಿದ ಚಿತ್ರೋದ್ಯಮ, 2015ರಲ್ಲಿ ಸ್ಪರ್ಧಾ ಆಯೋಗ ಕಿವಿಹಿಂಡುವವರೆಗೂ ಬಿಡಲಿಲ್ಲ. ಆ ಉತ್ಸಾಹದ ಹತ್ತನೆಯ ಒಂದು ಪಾಲನ್ನು ತನ್ನದೇ ಹಳೆಯ ಸುರುಳಿಗಳನ್ನು ಉಳಿಸಲು ತೋರಿದ್ದರೆ! ನಿರ್ಮಾಪಕರ ಮಕ್ಕಳು, ಹಕ್ಕು ಕೊಂಡ ವಾಹಿನಿಗಳು, ಸರಕಾರ, ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರೆ ರೀಲು ಕಾಯುತ್ತ ಕೂರುವುದಿಲ್ಲ. ಅದು ಹುಳಿಯಾಗಿ ಕೊಳೆಯುತ್ತದೆ.

ಆ ಹುಡುಗ ಕಳೆದ ವರ್ಷ ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಈಗ ಐವತ್ತು ದಾಟಿದ ಗೃಹಸ್ಥ. ಗುರುತು ಹಿಡಿದು ಕಾಲಿಗೆ ನಮಸ್ಕರಿಸಿದ. ನಾನೇ ಹಳೆಯ ವಿಷಯ ತೆಗೆದು, ತಪ್ಪಾಯಿತಪ್ಪಾ ಎಂದೆ. "ಇರಲಿ ಬಿಡ್ರಿ ಸರ, ಆವಾಗ ಎಲ್ಲಾರೂ ಹಂಗs ಇದ್ರು" ಎಂದು ನಕ್ಕ. ವಿಜಯಪುರದ ಬಸ್ಸು ಬಂತು. ಚೀಲವನ್ನು ಹೆಗಲಿಗೇರಿಸಿಕೊಂಡವನು ಮತ್ತೆ ತಿರುಗಿ ಬಂದು ಕೇಳಿದ: "ಸರ, ಆ ನೋಟಬುಕ್ ನಿಮ್ಮ ಕಡೆ ಏನರ ಉಳದೈತೇನ್ರಿ? ನನ್ನ ಮಗಳು ಕಥಿ ಬರೀತಾಳ್ರಿ, ಆಕಿಗೆ ತೋರಸ್ಬೇಕಿತ್ತು."

ಅದನ್ನು ನಾನು ಅಂದೇ ಹರಿದು, ಶಾಲೆಯ ಹಿಂದಿನ ತಿಪ್ಪೆಗೆ ಎಸೆದಿದ್ದೆ.