ಮನಸ್ಸಿಗೂ ಒಂದು ಆಸರೆ

ಮಾರ್ಗಶಿರದ ಅಮಾವಾಸ್ಯೆ ಬಂತೆಂದರೆ ಲೋಹಾರಾ, ಉಮರಗಾ, ನಿಲಂಗಾ, ಉದಗೀರ ಭಾಗದ ಊರುಗಳು ಹಗಲಿನಲ್ಲಿಯೇ ಬರಿದಾಗುತ್ತವೆ. ಮನೆಗೆ ಬೀಗ ಹಾಕಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಹೊಲದ ದಾರಿ ಹಿಡಿಯುತ್ತಾರೆ. ನಾವು ಎಳ್ಳ ಅಮಾವಾಸ್ಯೆ ಎಂದು ಕರೆಯುವ ಈ ಹಬ್ಬವು ನಮ್ಮ ಮರಾಠಿ ನೆರೆಯವರ ಬಾಯಲ್ಲಿ ವೇಳಾ ಅಮಾವಾಸ್ಯೆಯಾಗಿದೆ. ಹೆಸರು ಬೇರೆಯಾದರೂ ಹಬ್ಬ ಒಂದೇ. ಜೋಳದ ಕಣಿಕೆಯ ಪುಟ್ಟ ಗುಡಿಸಲು, ಅದರೊಳಗೆ ಪಾಂಡವರೆಂದು ಪೂಜೆಗೊಳ್ಳುವ ಐದು ಕಲ್ಲುಗಳು, ಹಲವು ಕಾಳು ಕಾಯಿಪಲ್ಲೆಗಳನ್ನು ಕೂಡಿಸಿದ ಭಜ್ಜಿ, ಸಜ್ಜೆಯ ಉಂಡೆ, ಗಡಿಗೆಯ ತುಂಬ ಅಂಬಲಿ. ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕೈಹಿಡಿದು ಕರೆತಂದು ಉಣಿಸದೆ ಕಳುಹಿಸುವುದಿಲ್ಲ.

ಆ ದಿನ ಸಂಜೆ ಮನೆಗೆ ಮರಳುವಾಗ ಮನಸ್ಸು ಎಷ್ಟು ಹಗುರವಾಗಿರುತ್ತದೆ ಎಂಬುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಅದಕ್ಕೆ ಕಾರಣ ಹುಡುಕುವುದು ಕಷ್ಟವೇನಲ್ಲ. ಬಿಸಿಲಿನಲ್ಲಿ ನಡೆದಿದ್ದೇವೆ, ನಾಲ್ಕು ಜನರೊಡನೆ ಕೂಡಿ ಉಂಡಿದ್ದೇವೆ, ವರ್ಷವೆಲ್ಲ ಮಾತು ಬಿಟ್ಟಿದ್ದ ದಾಯಾದಿಯೊಡನೆ ಒಂದು ಮಾತನ್ನಾದರೂ ಆಡಿದ್ದೇವೆ. ಇಂದಿನ ಮನೋವೈದ್ಯರು ನಡಿಗೆ, ನಿದ್ರೆ, ಒಡನಾಟ ಎಂದು ಹೇಳುವ ಔಷಧಗಳಲ್ಲಿ ಎರಡನ್ನು ನಮ್ಮ ಹಿರಿಯರು ಈ ಒಂದು ದಿನದೊಳಗೇ ಕಟ್ಟಿಟ್ಟಿದ್ದಾರೆ. ಆದರೆ ವರ್ಷದ ಉಳಿದ ದಿನಗಳಲ್ಲಿ ನಮ್ಮ ಮನೆಯವರ ಮನಸ್ಸನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಈ ತಿಂಗಳು ಆ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರಂದು, ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತು, ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರಗಾ ತಾಲೂಕಿನಲ್ಲಿದ್ದು ಇಂದು ಲೋಹಾರಾ ತಾಲೂಕಿಗೆ ಸೇರಿರುವ ಸಾಸ್ತೂರ, ಇವುಗಳೊಡನೆ ಸುತ್ತಲಿನ ಅನೇಕ ಊರುಗಳು ಕ್ಷಣಮಾತ್ರದಲ್ಲಿ ಕಲ್ಲಿನ ರಾಶಿಯಾದವು. ಸುಮಾರು ಹತ್ತು ಸಾವಿರ ಜೀವಗಳು ಹೋದವು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎಂದು ನಾವು ಹೊಗಳುತ್ತಿದ್ದ ದಪ್ಪ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆಗಳೇ ಮಲಗಿದ್ದವರ ಮೇಲೆ ಬಿದ್ದವು.

ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರಕಾರವು ದೊಡ್ಡ ಪುನರ್ವಸತಿಯ ಕಾರ್ಯವನ್ನು ಕೈಗೊಂಡಿತು. ಅತಿ ಹೆಚ್ಚು ಹಾನಿಗೊಂಡ 52 ಊರುಗಳನ್ನು ಹೊಸ ನೆಲೆಗಳಲ್ಲಿ ಕಟ್ಟುವ ಯೋಜನೆಯಾಯಿತು. ಅಗಲವಾದ ನೇರ ಬೀದಿಗಳು, ಅಂತರ ಬಿಟ್ಟು ನಿಂತ ಗಟ್ಟಿ ಮನೆಗಳು ಎದ್ದವು. ಜೀವರಕ್ಷಣೆಯ ದೃಷ್ಟಿಯಿಂದ ಇದು ಅವಶ್ಯವಾಗಿತ್ತು. ಆದರೆ ಹೊಲದ ಅಳತೆಗೆ ತಕ್ಕಂತೆ ಮನೆ ಹಂಚುವಾಗ ಹಳೆಯ ನೆರೆಹೊರೆಗಳು ಚದುರಿದವು. ಇಕ್ಕಟ್ಟಾದ ಓಣಿಯಲ್ಲಿ ಒಂದು ಮನೆಯ ಕೆಮ್ಮು ಮತ್ತೊಂದು ಮನೆಗೆ ಕೇಳುತ್ತಿತ್ತು, "ಯಾಕವ್ವಾ, ರಾತ್ರಿ ನಿದ್ದಿ ಬರಲಿಲ್ಲೇನು?" ಎಂದು ಕೇಳುವವರು ಮುಂಜಾನೆಯೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೊಸ ಬೀದಿಯ ಅಗಲದಲ್ಲಿ ಆ ದನಿ ಎಷ್ಟೋ ಕಡೆ ಕೇಳದಾಯಿತು.

ಗೋಡೆ ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ, ಮನಸ್ಸಿನ ಬಿರುಕು ಕಾಣುವುದಿಲ್ಲ. ಗಟ್ಟಿ ಮಾಳಿಗೆಯ ಕೆಳಗೆ ಮಲಗಲು ಅಂಜಿ ಎಷ್ಟೋ ಜನ ಬಹುಕಾಲ ಅಂಗಳದಲ್ಲಿ, ತಗಡಿನ ಚಪ್ಪರದಲ್ಲಿ ಮಲಗಿದರು. 1996ರಲ್ಲಿ ಪ್ರಕಟವಾದ ಮನೋವೈದ್ಯರ ಒಂದು ಪ್ರಾಥಮಿಕ ವರದಿಯಂತೆ, ಅವರು ಪರೀಕ್ಷಿಸಿದ ಬದುಕುಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಚಿಕಿತ್ಸೆಗೆ ಯೋಗ್ಯವಾದ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರು ಹುಚ್ಚರಾಗಿರಲಿಲ್ಲ. ದುಡಿಯುತ್ತಿದ್ದರು, ಮಕ್ಕಳನ್ನು ಸಾಕುತ್ತಿದ್ದರು, ಒಳಗೊಳಗೇ ಬೇಯುತ್ತಿದ್ದರು.

ಇಂದು ಭೂಕಂಪವಿಲ್ಲದಿದ್ದರೂ ನಮ್ಮ ಮನೆಗಳಲ್ಲಿ ಚಿಂತೆಗೆ ಕೊರತೆಯಿಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿ, ಸೋಯಾ ಒಣಗುತ್ತವೆ. ಅತಿಯಾದ ವರ್ಷ ಕೊಳೆಯುತ್ತವೆ. 2016ರಲ್ಲಿ ಲಾತೂರ ಪಟ್ಟಣಕ್ಕೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾದುದನ್ನು ನಾವು ಮರೆತಿಲ್ಲ. ಸಾಲ, ಮಗಳ ಮದುವೆ, ನೌಕರಿ ಸಿಗದ ಮಗ, ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದ ಮಕ್ಕಳಿಗಾಗಿ ಹಂಬಲಿಸುವ ತಂದೆತಾಯಿ: ಇವು ಪ್ರತಿ ಓಣಿಯ ಕಥೆಗಳು.

ಗಡಿಯಾಚೆಯ ಕನ್ನಡ ಮನೆಗಳಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯಗಳ ಗೆರೆ ಬದಲಾಯಿತು, ಶಾಲೆ ಕಚೇರಿಗಳ ಮಾತು ಮರಾಠಿಯಾಯಿತು. ಮೊಮ್ಮಕ್ಕಳು ಮರಾಠಿಯಲ್ಲಿ ಓದಿ ಜಾಣರಾಗಿದ್ದಾರೆ, ಸಂತೋಷವೇ. ಆದರೆ ಅಜ್ಜಿಯ ಅಳಲು ಇನ್ನೂ ಕನ್ನಡದಲ್ಲಿಯೇ ಇದೆ. ನಾವು ಕಂಡ ಒಬ್ಬ ವೃದ್ಧೆ ದವಾಖಾನೆಗೆ ಹೋದಾಗಲೆಲ್ಲ "ತಲಿ ಭಾರ, ಕೈಕಾಲು ಸೇದತಾವ" ಎಂದಷ್ಟೇ ಹೇಳುತ್ತಿದ್ದಳು. ಮೊಮ್ಮಗ ಅದನ್ನು ಮರಾಠಿಗೆ ತಿರುಗಿಸಿ ನೋವಿನ ಗುಳಿಗೆ ತರುತ್ತಿದ್ದ. ಒಂದು ದಿನ ನೆರೆಯಾಕೆ ಪಕ್ಕದಲ್ಲಿ ಕುಳಿತು, "ಆಯಿ, ಒಳಗ ಏನ ತ್ರಾಸ ಅದ, ನನಗರ ಹೇಳ್ರಿ" ಎಂದು ಕೇಳಿದಳು. ಆಗ ಬಂದ ಉತ್ತರ, "ಜೀವಕ್ಕ ಸಮಾಧಾನನೇ ಇಲ್ಲವ್ವಾ. ಯಾರಿಗೆ ಹೇಳಲಿ?" ಎಂದು. ಸಂಕಟವು ದೇಹದ ನೋವಿನ ವೇಷದಲ್ಲಿ ಬರುವುದು ಸಾಮಾನ್ಯ. ಆದುದರಿಂದ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯುವಾಗ ಮೊದಲು ಮನೆಯಲ್ಲಿ, ಅವರ ಮಾತಿನಲ್ಲಿ, ಅವಸರವಿಲ್ಲದೆ ಕೇಳಬೇಕು. ಕೇಳಿದ್ದನ್ನು ಕತ್ತರಿಸದೆ ವೈದ್ಯರಿಗೆ ಹೇಳಬೇಕು. ಸೊಸೆಯ ದುಃಖವನ್ನು ಅತ್ತೆಯ ಎದುರಿನಲ್ಲಿಯೂ, ಅತ್ತೆಯ ದುಃಖವನ್ನು ಸೊಸೆಯ ಎದುರಿನಲ್ಲಿಯೂ ಕೇಳಬಾರದು, ಬಾಯಿ ಬಿಡುವುದಿಲ್ಲ.

ದಿನನಿತ್ಯ ಮಾಡಬಹುದಾದದ್ದು ಏನು? ಹಣ ಬೇಡುವ ಸಂಗತಿಗಳನ್ನು ನಾವು ಹೇಳುವುದಿಲ್ಲ. ದಿನಕ್ಕೆ ಒಂದು ಊಟವನ್ನಾದರೂ ಮನೆಮಂದಿ ಕೂಡಿ, ಮೊಬೈಲು ಟಿ.ವಿ.ಗಳನ್ನು ಬದಿಗಿಟ್ಟು ಉಣ್ಣಬೇಕು. ಆ ಹೊತ್ತಿನಲ್ಲಿ ಸಾಲದ ಲೆಕ್ಕವನ್ನೂ ಮಕ್ಕಳ ಅಂಕಗಳನ್ನೂ ತೆಗೆಯಬಾರದು. ಮಲಗುವ, ಏಳುವ ಹೊತ್ತು ಒಂದೇ ಇರಲಿ. ಸಂಜೆಯ ಮೇಲೆ ಚಹಾ ಕಡಿಮೆಯಾಗಲಿ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕುಳಿತು ತವರಿನ ನೆನಪು, ಗಂಡನ ಸಿಟ್ಟು, ಬಡತನ ಎಲ್ಲವನ್ನೂ ಹಾಡಿ ಹಗುರಾಗುತ್ತಿದ್ದರು. ಗಿರಣಿ ಬಂದು ರಟ್ಟೆಯ ನೋವು ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಅದರೊಡನೆ ಹಾಡುವ ಹೊತ್ತೂ ಹೋಯಿತು. ಅದರ ಬದಲಿಗೆ ಭಜನೆಯೋ, ಬಚತ ಗಟದ ಸಭೆಯೋ, ಗೆಳತಿಯೊಡನೆ ಸಂಜೆಯ ನಡಿಗೆಯೋ, ಮನೆಯ ಹೆಣ್ಣುಮಕ್ಕಳಿಗೆ ತಮ್ಮದೇ ಆದ ಒಂದು ಹೊತ್ತು ಇರಬೇಕು. ಅದಕ್ಕೆ ಗಂಡಸರು ಅಡ್ಡಿಯಾಗಬಾರದು.

ಗಂಡಸರಿಗೂ ಒಂದು ಮಾತು. ಸಾಲದ ವಿಷಯವನ್ನು ಹೆಂಡತಿಯಿಂದ ಮುಚ್ಚಿಡುವುದೇ ಪೌರುಷವೆಂದು ಎಷ್ಟೋ ಜನ ತಿಳಿದಿದ್ದಾರೆ. ಹೇಳಿದರೆ ಸಾಲ ಕಡಿಮೆಯಾಗದು ನಿಜ. ಆದರೆ ಅದನ್ನು ಒಬ್ಬನೇ ಹೊರುವುದು ತಪ್ಪುತ್ತದೆ. ಭಾರ ಇಳಿಸಲು ಸೆರೆಯ ಅಂಗಡಿಗೆ ಹೋದವನು ಎರಡು ಭಾರ ಹೊತ್ತು ಮರಳುತ್ತಾನೆ.

ಇಷ್ಟೆಲ್ಲ ಮಾಡಿದರೂ ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆ, ಹಸಿವು ಕೆಟ್ಟಿದ್ದರೆ, ಇಷ್ಟವಾದ ಕೆಲಸದಲ್ಲಿಯೂ ಮನಸ್ಸಿಲ್ಲದಿದ್ದರೆ, ಕಾರಣವಿಲ್ಲದೆ ಅಳು ಸಿಟ್ಟು ಬರುತ್ತಿದ್ದರೆ ಅದು ಸೋಮಾರಿತನವಲ್ಲ, ದೆವ್ವದ ಕಾಟವೂ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಬೇನೆ. ದೇವರಿಗೆ ಹರಕೆ ಹೊರುವುದನ್ನು ನಾವು ಬೇಡವೆನ್ನುವುದಿಲ್ಲ; ಆದರೆ ವೈದ್ಯರನ್ನು ಬಿಡಬಾರದು. ಖಿನ್ನತೆಯ ಗುಳಿಗೆಗಳು ತಲೆನೋವಿನ ಗುಳಿಗೆಯಂತೆ ಆ ದಿನವೇ ಗುಣ ತೋರಿಸುವುದಿಲ್ಲ, ಕೆಲವು ವಾರಗಳು ಹಿಡಿಯುತ್ತವೆ. ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು.

ಇಂಥ ಚಿಕಿತ್ಸೆಗೆ ದೊಡ್ಡ ಪಟ್ಟಣವೇ ಬೇಕೆಂಬ ತಪ್ಪು ತಿಳಿವಳಿಕೆಯನ್ನು ನಮ್ಮ ಕನ್ನಡ ನಾಡು ದೂರ ಮಾಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ದವಾಖಾನೆಯಲ್ಲಿಯೇ ಮನೋರೋಗಕ್ಕೆ ಮದ್ದು ಸಿಗುವಂತೆ ಮಾಡಿ ತೋರಿಸಿದರು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯೂ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು; ಖರ್ಚಿಲ್ಲ. ಮಾತಾಡುವ ಭಾಷೆಯನ್ನು ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕೆಂದು ನಮ್ಮ ವಿನಂತಿ.

ಕೊನೆಯದಾಗಿ, ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತು. ಮನೆಯಲ್ಲಿ ಯಾರಾದರೂ "ನಾ ಇದ್ದು ಏನು ಉಪಯೋಗ" ಎಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. "ಜೀವಕ್ಕ ಏನರ ಮಾಡ್ಕೋಬೇಕಂತ ಅನಸ್ತದೇನು?" ಎಂದು ನೇರವಾಗಿ, ಪ್ರೀತಿಯಿಂದ ಕೇಳಬೇಕು. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಳಗಿದ್ದುದು ಹೊರಬಂದು ಹಗುರಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಬೇಗನೆ ನೆರವು ಪಡೆಯಬೇಕು. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಮನೆಯ ಮಾಡದಲ್ಲಿಡದೆ ಬೀಗದೊಳಗಿಟ್ಟು ಕೀಲಿಯನ್ನು ಬೇರೆಯವರ ಕೈಯಲ್ಲಿಡಬೇಕು. ಇದು ಸಣ್ಣ ಮಾತಲ್ಲ. ಶ್ರೀಲಂಕೆಯಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಗಳ ಪ್ರಮಾಣವು ಬಹಳವಾಗಿ ಇಳಿಯಿತು. ಆ ಗಳಿಗೆ ದಾಟಿದರೆ ಜೀವ ಉಳಿಯುತ್ತದೆ. ಪೊಲೀಸರ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಚ್ಚಿಡುವ ಕಾರಣವೂ ಈಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂಥ ಪ್ರಯತ್ನ ಮಾಡಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಎಣಿಸುತ್ತದೆ. ಅವರಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯವೆನ್ನುತ್ತದೆ.

ಮುಂದಿನ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಸಾಲಿನಲ್ಲಿ ಕುಳಿತವರನ್ನು ಒಮ್ಮೆ ಎಣಿಸಿ ನೋಡೋಣ. ಯಾರು ಬಂದಿಲ್ಲ? ಬಂದರೂ ಯಾರು ಮಾತಿಲ್ಲದೆ ಕುಳಿತಿದ್ದಾರೆ? ಅವರ ಪಕ್ಕದಲ್ಲಿ ಹೋಗಿ ಕೂಡೋಣ. ಅಂಬಲಿಯ ವಾಟಗವನ್ನು ಕೈಗೆ ಕೊಟ್ಟು, "ಹ್ಯಾಂಗಿದ್ದೀರಿ?" ಎಂದು ಕೇಳೋಣ. ಉತ್ತರ ಬರುವವರೆಗೆ ಎದ್ದು ಹೋಗದಿರೋಣ.